ತಮ್ಮನ ಕೆಂಪು

ಬ್ರೇಕಕ್ಕ ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಅವಳು ಕೊಟ್ಟ ಉತ್ತರ ಕೇಳಿದವರು ಏನೇನೋ ಅಂದುಕೊಳ್ಳುತ್ತಾರೆ. ಜನರ ನಾಲಿಗೆಗೇನು, ಎಲುಬಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅಕ್ಕನ ಬಲಗಾಲು ಸದಾ ಅದರ ಮೇಲೆಯೇ. ಕಲಿಯುವವರು ಎದುರಿಗೆ ಲಾರಿ ಕಂಡು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಕಣ್ಣು ಬಿಟ್ಟಾಗ ಕಾರು ನಿಂತಿರುತ್ತಿತ್ತು, ಅಕ್ಕ ಬೈಯುತ್ತಿರುತ್ತಿದ್ದಳು. ಅವಳ ಕೈಯಲ್ಲಿ ಬೈಸಿಕೊಂಡು ಕಲಿತವರು ಊರ ತುಂಬ ಇದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬ್ರೇಕಕ್ಕ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮನೆಯಲ್ಲಿ ಅವಳು ಮತ್ತು ತಮ್ಮ, ಇಬ್ಬರೇ. ಜಾಹೀರಾತಿನ ದೊಡ್ಡ ಬೋರ್ಡುಗಳನ್ನು ಕಟ್ಟಡಗಳ ನೆತ್ತಿಯ ಮೇಲೆ ಕೂರಿಸುವುದು ತಮ್ಮನ ಕೆಲಸವಾಗಿತ್ತು. ಒಂದು ದಿನ ಗಾಳಿಗೆ ಬೋರ್ಡು ತಿರುಗಿತು, ಅವನು ಬಿದ್ದ. ಹೆಗಲುಗಳ ನಡುವೆ ಬೆನ್ನುಹುರಿ ತುಂಡಾಯಿತು. ಅಲ್ಲಿಂದ ಮೇಲಕ್ಕೆ ಅವನು ಹಳೆಯ ತಮ್ಮನೇ, ಅದೇ ನಗು, ಅದೇ ಕೊಂಕು, ಅದೇ ಚುರುಕು ಕೈ. ಅಲ್ಲಿಂದ ಕೆಳಕ್ಕೆ ಬೆಂಕಿ ಇಟ್ಟರೂ ಗೊತ್ತಾಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಜನರ ಕೆಟ್ಟ ಮೊಬೈಲುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ, ಕೂತಲ್ಲಿಂದಲೇ ಅಕ್ಕನಿಗೆ ಅಪ್ಪಣೆ ಹೊರಡಿಸುತ್ತಿದ್ದ. ಅದಕ್ಕೇ ಅವಳು ಅವನನ್ನು ಸಾಹೇಬ ಎಂದು ಕರೆಯುತ್ತಿದ್ದಳು.

ಮೂತ್ರಕ್ಕೆಂದು ಅವನಿಗೆ ಒಂದು ನಳಿಗೆ ಹಾಕಿತ್ತು, ಅದರ ತುದಿಗೆ ಚೀಲ. ಕುರ್ಚಿಯಲ್ಲಿ ಕೂರುವಾಗಲೋ ಮಗ್ಗುಲು ಬದಲಿಸುವಾಗಲೋ ನಳಿಗೆ ಮಡಚಿಕೊಂಡರೆ ಮೂತ್ರಕೋಶ ಉಬ್ಬುತ್ತಿತ್ತು. ಬೇರೆಯವರಿಗಾದರೆ ಪ್ರಾಣ ಹೋಗುವಂಥ ಸಂಕಟ. ಇವನಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮುಖ ಕೆಂಡದಂತೆ ಕೆಂಪಗಾಗುತ್ತಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು, ಹೊಟ್ಟೆಯ ಮೇಲಿನ ಕೂದಲು ಚಳಿ ಬಂದಂತೆ ನಿಮಿರಿ ನಿಲ್ಲುತ್ತಿತ್ತು, ತಲೆ ಒಂದಿಷ್ಟು ಧಿಂ ಅನ್ನುತ್ತಿತ್ತು.

"ಅಕ್ಕಾ, ಕೆಂಪು ಬಿತ್ತು!"

ಸಿಗ್ನಲ್ಲು ಬಿದ್ದ ಮೇಲೆ ನಿಲ್ಲದವಳೇ ಅವಳು? ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಓಡಿ ಬಂದು ನಳಿಗೆಯನ್ನು ನೇರ ಮಾಡುತ್ತಿದ್ದಳು. ಚೀಲಕ್ಕೆ ಧಾರೆ ಬೀಳುತ್ತಿತ್ತು, ಮುಖದ ಕೆಂಪು ಇಳಿಯುತ್ತಿತ್ತು. "ಹಸಿರು ಬಿತ್ತು ಸಾಹೇಬ್ರೇ, ಇನ್ನು ಹೊರಡಬಹುದು" ಎಂದು ಅವಳು ಹೇಳುವುದು, ಇಬ್ಬರೂ ನಗುವುದು. ಅವರ ಪಾಲಿಗೆ ಅದು ಕಾಯಿಲೆಯೇ ಅಲ್ಲ. ಮೂಕವಾಗಿ ಬಿದ್ದ ಮೈ ಇನ್ನೂ ಆಡಬಲ್ಲ ಒಂದೇ ಮಾತು ಅದು. ಹಾಸಿಗೆಯ ಸುಕ್ಕು ಒತ್ತಿದರೂ, ಕಾಲ್ಬೆರಳಿನ ಉಗುರು ಚುಚ್ಚಿದರೂ ಆ ಕೆಂಪೇ ಬಂದು ದೂರು ಹೇಳುತ್ತಿತ್ತು. ಎಲ್ಲ ಕಿತ್ತುಕೊಂಡ ದೇವರು ಇದೊಂದನ್ನಾದರೂ ಬಿಟ್ಟನಲ್ಲ ಎಂದು ಅಕ್ಕ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದಳು. ಬಿದ್ದ ಮೇಲೆ ಮೊದಲ ಸಲ ಮನೆಗೆ ಕಳಿಸುವಾಗ ಆಸ್ಪತ್ರೆಯವರು ಇದರ ಬಗ್ಗೆ ಏನಾದರೂ ಎಚ್ಚರಿಸಿದ್ದರೋ ಏನೋ. ಆ ದಿನ ಅವಳ ಕಿವಿಗೆ "ಇನ್ನು ನಡೆಯೋಕಾಗಲ್ಲ" ಎಂಬುದನ್ನು ಬಿಟ್ಟು ಬೇರೆ ಮಾತು ಇಳಿದಿರಲಿಲ್ಲ.

ಈಚೆಗೆ ತಮ್ಮನ ಮೂತ್ರಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತ್ತು. ಮೇಲಿಂದ ಮೇಲೆ ನಡುಕದ ಜ್ವರ, ಚೀಲದಲ್ಲಿ ರಕ್ತ. ಸರ್ಜನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಕಲ್ಲು ತೆಗೀಲೇಬೇಕಮ್ಮ. ಹೀಗೇ ಬಿಟ್ರೆ ಕಿಡ್ನಿ ಹೋಗುತ್ತೆ. ಅದು ಹೋದ್ಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ."

ಸರಿ, ದಿನ ಗೊತ್ತಾಯಿತು. ಉಪವಾಸ ಕೆಡವಿ, ಹಸಿರು ಗೌನು ತೊಡಿಸಿ, ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಒಯ್ದರು. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ, ಕೆಮ್ಮು ಇದೆ, ಇವತ್ತು ಬೇಡ ಅಂದರು. ಇನ್ನೊಂದು ಸಲ ಜ್ವರ ಇದೆ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸರ್ಜನ್ನು ಹೂಂ ಅಂದರೆ ಈ ಅರಿವಳಿಕೆಯವರು ಊಹೂಂ ಅನ್ನುತ್ತಾರೆ. ಪ್ರತಿ ಸಲ ವಾಪಸು ಬಂದ ಮೇಲೆ ಬರುವ ಜ್ವರ ಹಿಂದಿನದಕ್ಕಿಂತ ಕೆಟ್ಟದಾಗಿರುತ್ತಿತ್ತು. ತಮ್ಮನ ಕೆನ್ನೆ ಒಳಸೇರಿತು, ಮೊಬೈಲಿನ ಸಣ್ಣ ಸ್ಕ್ರೂ ಹಿಡಿಯುವ ಬೆರಳು ನಡುಗಲು ಹತ್ತಿತು. ಅಕ್ಕ ರಾತ್ರಿಯೆಲ್ಲ ಅವನ ಉಸಿರು ಕೇಳುತ್ತ ಮಲಗುತ್ತಿದ್ದಳು. ಈ ಸಲ ಏನೇ ಆಗಲಿ, ಇವರ ಕೈಗೆ ಹೊಸ ನೆಪ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿ ನಿರ್ಧಾರ ಮಾಡಿದಳು.

ಈ ಸಲ ತಪಾಸಣೆಯ ಕೋಣೆಯಲ್ಲಿ ಇದ್ದವನು ಬೇರೆ ಅರಿವಳಿಕೆ ಡಾಕ್ಟರು. ಎತ್ತರದ ಯುವಕ. ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದದ್ದೇ ತಡ, ಎದ್ದು ನಿಂತ.

"ಮೇಡಂ! ನೀವಾ?"

ಅಕ್ಕ ದಿಟ್ಟಿಸಿ ನೋಡಿದಳು. ಯಾರ ಮುಖ ಮರೆತರೂ ಅವರ ಡ್ರೈವಿಂಗ್ ಮರೆಯುವವಳಲ್ಲ ಅವಳು.

"ಅಯ್ಯೋ, ರಿವರ್ಸ್ ಗೇರಿನ ಮಹಾರಾಯ! ಈಗಲಾದ್ರೂ ಗಾಡಿ ಹಿಂದಕ್ಕೆ ಹೋಗುತ್ತಾ?"

"ಈಗಲೂ ರಿವರ್ಸ್ ತೆಗೀಬೇಕಾಗಿಲ್ಲದ ಜಾಗ ನೋಡೇ ನಿಲ್ಲಿಸ್ತೀನಿ ಮೇಡಂ."

ತಮ್ಮ ಹೊಟ್ಟೆ ತುಂಬ ನಕ್ಕ. ಅಕ್ಕನ ಎದೆಯಲ್ಲಿ ಬಹಳ ದಿನದ ಮೇಲೆ ಒಂದು ಗಂಟು ಸಡಿಲವಾಯಿತು. ನಮ್ಮವನೊಬ್ಬ ಸಿಕ್ಕಿದ, ಇನ್ನು ಕೆಲಸ ಆದ ಹಾಗೇ ಎಂದುಕೊಂಡಳು. ಅಂದಿನಿಂದ ಅಕ್ಕ ತಮ್ಮಂದಿರ ಮಾತಿನಲ್ಲಿ ಅವನು ರಿವರ್ಸ್ ಡಾಕ್ಟರ್ ಆದ.

ನಗೆ ಮುಗಿಸಿ ಅವನು ಪರೀಕ್ಷೆಗೆ ಕೂತ. ಬೆನ್ನು ನೋಡಿದ. ಬಿದ್ದಾಗ ಕೂರಿಸಿದ ಕಬ್ಬಿಣದ ಸರಳುಗಳು ಬೆನ್ನುಮೂಳೆಯ ಉದ್ದಕ್ಕೂ ಇದ್ದವು, ಅಲ್ಲಿ ಅರಿವಳಿಕೆಯ ಸೂಜಿ ಇಳಿಸುವುದು ಕಷ್ಟ. ಎದೆ ನೋಡಿದ. ಕೆಮ್ಮಲು ಹೇಳಿದರೆ ತಮ್ಮನಿಂದ ಬೆಕ್ಕಿನ ಸೀನಿನಷ್ಟು ಸದ್ದು ಬಂತು. ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟಲಿಗೆ ಕೊಳವೆ ಹಾಕಿದರೆ, ಆಮೇಲೆ ಉಸಿರಿನ ಯಂತ್ರದಿಂದ ಬಿಡಿಸುವುದೇ ದೊಡ್ಡ ಪಾಡಾಗಬಹುದು. ಅತ್ತ ದರಿ, ಇತ್ತ ಪುಲಿ.

"ಸರ್ಜನ್ ಸರ್ ಹೇಳೋದು, ಇವರಿಗೆ ಕೆಳಗಡೆ ಸ್ಪರ್ಶಾನೇ ಇಲ್ಲ, ಅನಸ್ತೇಶಿಯಾನೇ ಬೇಡ ಅಂತ," ಅಂದ ರಿವರ್ಸ್ ಡಾಕ್ಟರ್. "ಮೂತ್ರದ ದಾರೀಲಿ ದುರ್ಬೀನು ಹಾಕಿ ಕಲ್ಲು ಪುಡಿ ಮಾಡಿ ತೆಗೆಯೋದು ಅಷ್ಟೇ. ಎಷ್ಟೋ ಜನಕ್ಕೆ ಹಾಗೇ ಮಾಡಿದೀವಿ. ನಾನು ತಲೆ ಹತ್ರ ನಿಂತು ನೋಡ್ಕೊಳ್ತಿರ್ತೀನಿ."

"ಹಾಗೇ ಮಾಡಿ ಸಾರ್," ತಮ್ಮ ತಟ್ಟನೆ ಅಂದ. "ಬೋರ್ಡಿಂದ ಬಿದ್ದಾಗ ನನ್ನ ಮಲಗಿಸಿ, ಎಬ್ಬಿಸೋ ಹೊತ್ತಿಗೆ ಅರ್ಧಾನೇ ವಾಪಸ್ ಕೊಟ್ರು. ಈ ಸಲ ನಾನು ಕಣ್ಣು ಬಿಟ್ಕೊಂಡೇ ಇರ್ತೀನಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದರೆ ಈ ವೈದ್ಯ ಪೆನ್ನು ಕೆಳಗಿಡಲಿಲ್ಲ.

"ಒಂದು ವಿಷಯ ಮಾತ್ರ ಸರಿಯಾಗಿ ಗೊತ್ತಾಗ್ಬೇಕು ಮೇಡಂ. ಇಂಥವರಿಗೆ ಕೆಲವೊಮ್ಮೆ ಬಿಪಿ ಒಮ್ಮೆಗೇ ಏರೋ ತೊಂದರೆ ಇರುತ್ತೆ. ಅಂಥವರಿಗೆ ಹೀಗೆ ಅನಸ್ತೇಶಿಯಾ ಕೊಡದೆ ಆಪರೇಷನ್ ಮಾಡೋ ಹಾಗಿಲ್ಲ. ಇವರಿಗೆ ಮನೇಲಿ ಯಾವತ್ತಾದ್ರೂ ಬಿಪಿ ತೊಂದರೆ ಆಗಿದ್ಯಾ? ಜೋರು ತಲೆನೋವು?"

"ಬಿಪಿನಾ? ಇವನದು ಯಾವಾಗ ನೋಡಿದ್ರೂ ಕಡಿಮೇನೇ."

ಅದು ನಿಜ. ಹಿಂದೆ ಆಸ್ಪತ್ರೆಯ ಚೀಟಿಗಳಲ್ಲಿ ಬರೆದಿಟ್ಟ ನಂಬರುಗಳೆಲ್ಲ ಕಡಿಮೆಯೇ ಇದ್ದವು.

"ತಲೆ ಆವಾಗಾವಾಗ ಒಂಚೂರು ಧಿಂ..." ಎಂದು ತಮ್ಮ ಬಾಯಿ ತೆರೆದ.

ಅಕ್ಕನ ಬಲಗಾಲು ನೆಲವನ್ನು ಒತ್ತಿತು. "ದಿನವಿಡೀ ಮೊಬೈಲ್ ಒಳಗೆ ಕಣ್ಣು ನೆಟ್ಟು ಕೂತೋರಿಗೆ ಬರದೇ ಇರುತ್ತಾ ಡಾಕ್ಟ್ರೇ? ಗುಂಡುಕಲ್ಲಿನ ಥರ ಇದ್ದಾನೆ. ಆ ಕಲ್ಲು ಒಂದು ತೆಗೆದುಕೊಡಿ ಸಾಕು."

ಆ ಗಳಿಗೆಯಲ್ಲಿ ಕೆಂಪಿನ ನೆನಪು ಅವಳಿಗೆ ಬರಲಿಲ್ಲವೇ? ಬಂತು. ತುಟಿಯವರೆಗೂ ಬಂತು. ಆದರೆ ಡಾಕ್ಟರು ಕೇಳಿದ್ದು ತೊಂದರೆಯನ್ನು. ಮನೆಗೆ ಉಪಕಾರ ಮಾಡುವ ಎಚ್ಚರಿಕೆಯ ಗಂಟೆಯನ್ನು ಯಾರಾದರೂ ತೊಂದರೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಮೇಲಾಗಿ, ಹೇಳಿದರೆ ಇನ್ನೊಂದು ಪರೀಕ್ಷೆ, ಇನ್ನೊಂದು ತಾರೀಕು, ಇನ್ನೊಂದು ಜ್ವರ. ಕೈಗೆ ಬಂದ ತುತ್ತು ಈ ಸಲವೂ ಬಾಯಿಗೆ ಬಾರದೆ ಹೋಗುವುದು ಬೇಡ ಎಂದು ಅವಳು ಆ ಮಾತನ್ನು ನುಂಗಿದಳು. ಅದು ಸುಳ್ಳೋ, ಅಲ್ಲವೋ, ನೀವೇ ತೀರ್ಮಾನ ಮಾಡಿ.

"ನಿಮ್ಮ ಮಾತು ಅಂದ್ರೆ ಮುಗೀತು ಮೇಡಂ," ಅಂದ ರಿವರ್ಸ್ ಡಾಕ್ಟರ್. ಅವಳ ಒಂದು ಮಾತಿಗೆ ಅವನು ಲಾರಿಯ ಪಕ್ಕದಲ್ಲಿ ಕಾರು ನುಗ್ಗಿಸಿದವನು. ಈಗಲೂ ನಂಬಿದ.

ಬೆಳಗ್ಗೆ ತಮ್ಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ವಾರ್ಡಿನವನು ತಳ್ಳಲು ಶುರು ಮಾಡಿದಾಗ ಒಂದು ಚಕ್ರ ಕಿರ್ರೋ ಅನ್ನುತ್ತಿತ್ತು.

"ಅಕ್ಕಾ, ಇವರಿಗೆ ಲೈಸನ್ಸ್ ಇದ್ಯಾ ಕೇಳು. ತಿರುವಿನಲ್ಲಿ ಹಾರ್ನೂ ಹೊಡೆಯಲ್ಲ, ಇಂಡಿಕೇಟರೂ ಹಾಕಲ್ಲ."

"ಬಾಯಿ ಮುಚ್ಕೊಂಡು ಮಲಗು ಸಾಹೇಬ. ಕಲ್ಲು ತೆಗೆದ ಮೇಲೆ ಅದನ್ನ ಡಬ್ಬೀಲಿ ಹಾಕಿ ಕೊಡ್ತಾರಂತೆ, ತಗೊಂಡು ಬಾ."

"ಉಂಗುರ ಮಾಡಿಸ್ಕೋ."

ಬಾಗಿಲು ಮುಚ್ಚಿತು. ಅಕ್ಕ ಎದುರಿನ ಉದ್ದ ಬೆಂಚಿನ ಮೇಲೆ ಕೂತಳು. ಗೋಡೆಗೆ ತಿಳಿನೀಲಿ ಬಣ್ಣ, ತಲೆ ಒರಗಿಸಿದವರ ಎಣ್ಣೆಯ ಕಲೆ ಸಾಲಾಗಿ ಇತ್ತು. ನೀರಿನ ಯಂತ್ರದಿಂದ ಹನಿ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಗಂಡನ ಹರ್ನಿಯಾ ಆಪರೇಷನ್ನಿಗೆ ಬಂದ ಹೆಂಗಸೊಬ್ಬಳು ಕೂತಿದ್ದಳು. ಅವಳಿಗೆ ಅಕ್ಕ ತಮ್ಮನ ಬಗ್ಗೆ, ರಿವರ್ಸ್ ಡಾಕ್ಟರನ ಬಗ್ಗೆ, ಗಂಡಸರು ಹೆಂಗಸರಿಗಿಂತ ಯಾಕೆ ಕೆಟ್ಟದಾಗಿ ಗಾಡಿ ನಿಲ್ಲಿಸುತ್ತಾರೆ ಎಂಬುದರ ಬಗ್ಗೆ ಎಲ್ಲ ಹೇಳಿದಳು. ಭಯ ಇದ್ದವರ ಬಾಯಿ ಸುಮ್ಮನಿರುವುದಿಲ್ಲ.

ಬಾಗಿಲು ಧಡಾರನೆ ತೆರೆದು ನರ್ಸು ಓಡಿ ಬಂದಳು.

"ಬೆನ್ನುಹುರಿ ಪೇಷಂಟಿನ ಕಡೆಯವರು ಯಾರು? ಡಾಕ್ಟ್ರು ಕೇಳ್ತಿದಾರೆ, ಬೇಗ ಹೇಳಿ. ಮನೇಲಿ ಇವರಿಗೆ ಮುಖ ಕೆಂಪಾಗಿ ಬೆವರೋದು ಆಗ್ತಿತ್ತಾ?"

"ಓ, ಅದಾ!" ಅಕ್ಕನಿಗೆ ನಗುವೇ ಬಂತು. ಇಷ್ಟೇ ತಾನೇ! "ಅದು ಸಿಗ್ನಲ್ಲಮ್ಮ. ಮೂತ್ರ ಕಟ್ಟಿಕೊಂಡ್ರೆ ಹಾಗಾಗುತ್ತೆ. ನಳಿಗೆ ನೇರ ಮಾಡಿ ಅಂತ ಹೇಳಿ ಅವರಿಗೆ, ಇಳಿದು ಹೋಗುತ್ತೆ. ದಿನಾ ಆಗೋದೇ, ಗಾಬರಿ ಏನಿಲ್ಲ."

ನರ್ಸು ಅವಳನ್ನೇ ನೋಡಿದಳು. "ದಿನಾ ಆಗ್ತಿತ್ತಾ? ಮೊದಲೇ ಯಾಕೆ ಹೇಳಲಿಲ್ಲ?"

ಉತ್ತರಕ್ಕೆ ಕಾಯದೆ ಓಡಿದಳು. ಬಾಗಿಲು ಎರಡು ಸಲ ಆಡಿ ನಿಂತಿತು.

ಅಕ್ಕ ಬೆಂಚಿನಿಂದ ಎದ್ದು ನಿಂತಳು. ಮೊದಲೇ ಯಾಕೆ ಹೇಳಲಿಲ್ಲ. ಯಾರೋ ಪೆಟ್ಟಿಗೆಯಂಥ ಯಂತ್ರ ತಳ್ಳಿಕೊಂಡು ಒಳಗೆ ಹೋದರು. ಇನ್ನೊಬ್ಬ ಡಾಕ್ಟರು ಮೆಟ್ಟಿಲು ಹಾರಿ ಹಾರಿ ಬಂದರು. ಹರ್ನಿಯಾದ ಹೆಂಗಸು ಭುಜ ಮುಟ್ಟಿ "ಏನೂ ಆಗಲ್ಲ, ಕೂತ್ಕೊಳ್ಳಿ" ಅಂದಳು. ಕೂರಲಿಕ್ಕೆ ಆಗಲಿಲ್ಲ. ಗೋಡೆ ಹಿಡಿದು ನಿಂತು ಬಲಗಾಲನ್ನು ನೆಲಕ್ಕೆ ಒತ್ತಿದಳು, ಒತ್ತಿಯೇ ಒತ್ತಿದಳು. ಊರಿನ ಎಷ್ಟು ಗಾಡಿಗಳನ್ನು ಈ ಕಾಲು ನಿಲ್ಲಿಸಿಲ್ಲ! ಈಗ ಕೆಳಗೆ ಬರಿಯ ಕಲ್ಲುಹಾಸು, ಕಾಲು ನೋಯುತ್ತಿತ್ತು, ಏನೂ ನಿಲ್ಲುತ್ತಿರಲಿಲ್ಲ. ಕಲ್ಲು ಒಳಗೇ ಇರಲಿ, ಕಿಡ್ನಿ ಬೇಕಾದರೆ ಹೋಗಲಿ, ಜ್ವರ ಬರಲಿ, ಅವನನ್ನು ಮಾತಾಡುವ ಹಾಗೆ ಹೊರಗೆ ಕಳಿಸಿ ಎಂದು ಯಾರಲ್ಲಿ ಕೇಳುತ್ತಿದ್ದೇನೆಂದು ತಿಳಿಯದೆ ಕೇಳಿಕೊಂಡಳು.

ರಿವರ್ಸ್ ಡಾಕ್ಟರ್ ಹೊರಗೆ ಬಂದಾಗ ಅವನ ಟೋಪಿ ಬೆವರಿನಿಂದ ಒದ್ದೆಯಾಗಿತ್ತು. ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತ. ಡಾಕ್ಟರುಗಳು ಪಕ್ಕದಲ್ಲಿ ಕೂತರೆ ಸುದ್ದಿ ಒಳ್ಳೆಯದಲ್ಲ ಎಂಬುದು ಆಸ್ಪತ್ರೆ ಕಂಡವರಿಗೆಲ್ಲ ಗೊತ್ತು.

"ಕಲ್ಲು ಕಾಣಲಿ ಅಂತ ಮೂತ್ರಕೋಶಕ್ಕೆ ನೀರು ತುಂಬಿಸಿದ್ರು. ಮುಖ ಕೆಂಪಾಯ್ತು. ನಿಮ್ಮ ತಮ್ಮ ಅಕ್ಕನ ಕರೀರಿ ಅಂದ್ರು, ತಲೆ ಸಿಡೀತಿದೆ ಅಂದ್ರು. ನೀರು ತೆಗೆಸಿದೆ, ಔಷಧಿ ಕೊಟ್ಟೆ. ಬಿಪಿ ಇಳೀತು. ಅಷ್ಟರಲ್ಲಿ ತಲೆ ಒಳಗೆ ರಕ್ತನಾಳ ಒಡೆದುಹೋಗಿತ್ತು ಮೇಡಂ."

ಅಕ್ಕ ಅವನ ಬಾಯಿಯನ್ನೇ ನೋಡಿದಳು. ಆಮೇಲೆ ಕೇಳಿದಳು. "ಆ ಕೆಂಪು ಅಂದ್ರೆ ಏನು ಡಾಕ್ಟ್ರೇ?"

ಅವನು ತನ್ನ ಎರಡು ಕಾಲುಗಳನ್ನು ಮುಂದಕ್ಕೆ ಚಾಚಿದ. ಅವಳಿಗೆ ಅರ್ಥವಾಗುವ ಭಾಷೆ ಒಂದೇ ಎಂದು ಅವನಿಗೆ ಗೊತ್ತಿತ್ತು.

"ಮೂತ್ರಕೋಶ ಉಬ್ಬಿದಾಗ ಕೆಳಗಿನ ಮೈ ಗಾಬರಿಯಾಗಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತೆ. ಅಲ್ಲಿ ಕೂದಲು ನಿಲ್ಲೋದು, ಬಿಪಿ ಏರೋದು ಅದರಿಂದ. ಬಿಪಿ ಏರಿದ್ದು ತಲೆಗೆ ಗೊತ್ತಾಗುತ್ತೆ, ಅದು ಬ್ರೇಕ್ ಹಾಕುತ್ತೆ. ಆದ್ರೆ ಬ್ರೇಕಿನ ವೈರು ಹೆಗಲ ಹತ್ರಾನೇ ತುಂಡಾಗಿದೆ. ಅದು ಮೇಲಿನ ಭಾಗಕ್ಕೆ ಮಾತ್ರ ತಗಲುತ್ತೆ. ಅದಕ್ಕೇ ಮುಖ ಕೆಂಪಾಗೋದು, ಬೆವರೋದು. ಆ ಕೆಂಪು ಅಂದ್ರೆ ತಲೆ ಹಾಕ್ತಿರೋ ಬ್ರೇಕು."

"ನಾವು ನಗ್ತಿದ್ವಿ," ಅಂದಳು ಅಕ್ಕ. "ಅದನ್ನ ನೋಡಿ ನಾವಿಬ್ಬರೂ ನಗ್ತಿದ್ವಿ."

"ತೊಂದರೆ ಇದ್ಯಾ ಅಂತ ಕೇಳಿದೆ ನಾನು. ಮುಖ ಕೆಂಪಾಗುತ್ತಾ ಅಂತ ಕೇಳಬೇಕಿತ್ತು. ಗೊತ್ತಿದ್ದೂ ಬಿಟ್ಟೆ. ನೀವಂದ್ರಲ್ಲ ಅಂತ ಧೈರ್ಯ ಮಾಡಿದೆ."

ಅವನ ಬಾಯಿಂದ ಆ ಕೊನೆಯ ಮಾತು ಬರಬಾರದಿತ್ತು. ಬಂದಮೇಲೆ ಅವನು ತಲೆ ತಗ್ಗಿಸಿದ. ಅಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲಿನ ದಿನಗಳು ತೀವ್ರ ನಿಗಾ ಘಟಕದ ಗಾಜಿನ ಹೊರಗೆ ಕಳೆದವು. ಭೇಟಿಯ ಹೊತ್ತಿನಲ್ಲಿ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಇದ್ದವಳೂ ಒಬ್ಬಳೇ. ತಮ್ಮನ ಬಾಯಿಗೆ ಕೊಳವೆ, ಯಂತ್ರ ಊದಿದಂತೆ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮುಟ್ಟಿದರೆ ಕೈ ಬೆಚ್ಚಗಿತ್ತು. ಗಡ್ಡ ಕೂಡ ಬೆಳೆಯುತ್ತಿತ್ತು. ಗಡ್ಡ ಬೆಳೆಯುವವನು ಹೋಗಿದ್ದಾನೆಂದರೆ ಯಾರು ನಂಬುತ್ತಾರೆ?

"ಪ್ರಜ್ಞೆ ತಪ್ಪಿಸೋ ಔಷಧಿ ಈಗ ಏನೂ ಕೊಡ್ತಿಲ್ಲ," ಅಂದಿದ್ದ ರಿವರ್ಸ್ ಡಾಕ್ಟರ್. "ಏಳೋದಾದ್ರೆ ತಾನಾಗೇ ಏಳಬೇಕು."

ಕಣ್ಣಿಗೆ ಟಾರ್ಚು ಬಿಟ್ಟು ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅಕ್ಕ ಕರೆದಳು, ಬೈದಳು, ಗೋಗರೆದಳು. ರಿಪೇರಿಗೆ ಕೊಟ್ಟವರು ಬಂದು ಬಾಗಿಲು ಬಡೀತಿದಾರೆ ಕಣೋ ಅಂದಳು. ನಿನ್ನ ಕುರ್ಚಿ ಮಾರಿಬಿಡ್ತೀನಿ ನೋಡು ಅಂದಳು. ತಮ್ಮ ರೆಪ್ಪೆ ಅಲುಗಿಸಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹಿರಿಯ ಡಾಕ್ಟರು ಅವಳನ್ನು ಪಕ್ಕದ ಕೋಣೆಗೆ ಕರೆದು, ಮಿದುಳು ಕೆಲಸ ನಿಲ್ಲಿಸಿದೆ ಎಂದು ತಮಗೆ ಅನ್ನಿಸುತ್ತಿದೆ, ನಾಳೆ ಕಡೆಯ ಪರೀಕ್ಷೆ ಮಾಡುತ್ತೇವೆ, ಆಮೇಲೆ ಯಂತ್ರದ ಬಗ್ಗೆ ಮಾತಾಡೋಣ ಎಂದರು. ಮೆತ್ತಗೆ, ಮರ್ಯಾದೆಯಿಂದ ಹೇಳಿದರು. ಅಕ್ಕ ಹೂಂ ಅಂದು ಎದ್ದು ನೇರ ತಮ್ಮನ ಮಂಚದ ಹತ್ತಿರ ಹೋದಳು.

ನಾಳೆ ಇವರು ಏನು ಪರೀಕ್ಷೆ ಮಾಡುತ್ತಾರೋ ಮಾಡಲಿ. ತಮ್ಮ ಇದ್ದಾನೋ ಇಲ್ಲವೋ ಕೇಳುವ ದಾರಿ ಅವಳಿಗೆ ಗೊತ್ತಿತ್ತು. ಕೆಂಪು ಅಂದರೆ ತಲೆ ಹಾಕುವ ಬ್ರೇಕು. ಕೆಂಪು ಬಂದರೆ ತಲೆ ಇದೆ. ತಲೆ ಇದ್ದರೆ ತಮ್ಮ ಇದ್ದಾನೆ. ಇಷ್ಟು ಸರಳವಾದದ್ದು ಈ ಓದಿದವರಿಗೆ ಹೊಳೆದಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಹತಾಶೆ ಮನುಷ್ಯರನ್ನು ಬಹಳ ಬುದ್ಧಿವಂತರನ್ನಾಗಿ ಮಾಡುತ್ತದೆ.

ತಲೆಯ ಊತ ಇಳಿಯಲೆಂದು ಕೊಡುತ್ತಿದ್ದ ಔಷಧಿಗೆ ಮೂತ್ರ ಧಾರಾಕಾರ ಇಳಿಯುತ್ತಿತ್ತು. ಮಂಚದ ಪಕ್ಕ ತೂಗುತ್ತಿದ್ದ ನಳಿಗೆಯನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಳು. ಯಾವ ಕೈ ಅದನ್ನು ಇಷ್ಟು ವರ್ಷ ನೇರ ಮಾಡುತ್ತಿತ್ತೋ ಅದೇ ಕೈ ಅದನ್ನು ಮಡಚಿ, ಮುಷ್ಟಿಯೊಳಗೆ ಬಿಗಿಹಿಡಿಯಿತು. ಬಲಗೈ ತಮ್ಮನ ಕೆನ್ನೆಯ ಮೇಲೆ. ನರ್ಸು ಆಚೆ ಮಂಚದ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಯಂತ್ರದ ಪರದೆಯ ಮೇಲಿನ ಬಿಪಿ ನಂಬರು ಒಂದಿಷ್ಟು ಏರಿತು. ಇನ್ನೊಂದಿಷ್ಟು ಏರಿತು. ಅಕ್ಕ ಹೊದಿಕೆ ಸರಿಸಿ ನೋಡಿದಳು. ಹೊಟ್ಟೆಯ ಮೇಲಿನ ಕೂದಲು ಒಂದೊಂದೂ ನಿಮಿರಿ ನಿಂತಿತ್ತು.

"ಬಂತು," ಎಂದಳು ಪಿಸುದನಿಯಲ್ಲಿ. "ಗೊತ್ತಾಯ್ತಾ ಸಾಹೇಬ? ಈಗ ಹ್ಞೂಂ ಅನ್ನು. ಬ್ರೇಕ್ ಹಾಕು."

ಮುಖ ಮಾತ್ರ ಬಿಳಿ ಕಾಗದದಂತೆಯೇ ಇತ್ತು. ನಂಬರು ಏರುತ್ತಲೇ ಹೋಯಿತು, ಎಲ್ಲಿಯವರೆಗೆ ಏರಬಾರದೋ ಅಲ್ಲಿಯವರೆಗೆ. ಯಂತ್ರ ಕೂಗಿಕೊಂಡಿತು. ನರ್ಸು ತಿರುಗಿದಳು, "ಏನ್ ಮಾಡ್ತಿದೀರಿ ನೀವು?" ಎಂದು ಚೀರಿದಳು. ಆ ಸದ್ದಿಗೆ ರಿವರ್ಸ್ ಡಾಕ್ಟರ್ ಬಾಗಿಲು ತಳ್ಳಿಕೊಂಡು ಬಂದ. ಅವಳ ಮುಷ್ಟಿಯನ್ನು ಕಂಡ. ಒಂದೇ ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು.

ಅವನು ಗದರಲಿಲ್ಲ. ನಂಬರು ನೋಡಿದ, ಹೊಟ್ಟೆ ನೋಡಿದ. ಆಮೇಲೆ ಅವನೂ, ಬೇಡ ಬೇಡವೆಂದುಕೊಂಡರೂ, ಆ ಮುಖವನ್ನೇ ನೋಡುತ್ತ ಒಂದು ಗಳಿಗೆ ನಿಂತುಬಿಟ್ಟ. ಅವನಿಗೂ ಆ ಕೆಂಪು ಬೇಕಾಗಿತ್ತು, ಅವಳಿಗಿಂತ ಕಡಿಮೆಯೇನಲ್ಲ.

"ಬಿಡಿ ಮೇಡಂ."

"ಇನ್ನೊಂದು ಚೂರು ತಡೀರಿ ಡಾಕ್ಟ್ರೇ. ನಿಮಗೆ ಗೊತ್ತಿಲ್ಲ, ಇವನು ಚಿಕ್ಕವನಿದ್ದಾಗಿಂದ ಸೋಮಾರಿ. ಕರೆದ ತಕ್ಷಣ ಯಾವತ್ತು ಬಂದಿದ್ದಾನೆ?"

"ಮೇಡಂ, ಕೈ ಬಿಡಿ."

"ಹಾಕ್ತಾನೆ. ನೋಡ್ತಿರಿ, ಈಗ ಹಾಕ್ತಾನೆ."

ಅವನು ಅವಳ ಪಕ್ಕ ಮಂಡಿಯೂರಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ನಳಿಗೆಯಿಂದ ಬಿಡಿಸಿದ. ಚೀಲಕ್ಕೆ ಧಾರೆ ಬಿತ್ತು. ನಂಬರು ಇಳಿಯಿತು, ಯಂತ್ರ ಕೂಗು ನಿಲ್ಲಿಸಿತು, ಹೊಟ್ಟೆಯ ಕೂದಲು ಮೆಲ್ಲಗೆ ಮಲಗಿತು. ಅಕ್ಕ ಹೊದಿಕೆಯನ್ನು ಎದೆಯವರೆಗೆ ಎಳೆದು ಸರಿಮಾಡಿದಳು. ಆಮೇಲೆ ತಮ್ಮನ ಹಣೆಯನ್ನು ಅಂಗೈಯಿಂದ ಒರೆಸಿದಳು. ಅಲ್ಲಿ ಬೆವರೇನೂ ಇರಲಿಲ್ಲ.